ಏಳನೆಯ ಪಿನ್ನು

ತಾಕ್ ಮಾನ್‌ಶಿಕ್‌ಗೆ ಒಂದು ಪದಕವೂ ಇರಲಿಲ್ಲ.

“ಹುಡುಕಿ ಮೇಡಂ, ಎಲ್ಲಾದ್ರೂ ಇರತ್ತೆ,” ಎಂದಳು ಅಂತಿಮ ದರ್ಶನದ ಹಾಲ್ ನೋಡಿಕೊಳ್ಳುವ ಹೆಂಗಸು. ಅವಳ ಎರಡೂ ಕೈಯಲ್ಲಿ ನೀಲಿ ಮಖಮಲ್ಲಿನ ಪುಟ್ಟ ದಿಂಬಿತ್ತು. “ಮೂವತ್ಮೂರು ವರ್ಷ ವಾಯುಪಡೇಲಿದ್ರು ಅಂತೀರಿ. ಅಷ್ಟು ವರ್ಷ ಆದೋರಿಗೆ ರಿಟೈರ್ ಆಗೋವಾಗ ಒಂದು ಕೊಟ್ಟೇ ಕೊಡ್ತಾರೆ. ಹೋದ ವಾರ ಅಡುಗೆಮನೆ ಸಾರ್ಜೆಂಟ್ ಒಬ್ರು ಹೋದ್ರು, ಅವರಿಗೂ ಇತ್ತು.”

“ಇಲ್ಲ,” ಎಂದಳು ಯೂನ್‌ಹಾ.

“ಖಾಲಿ ದಿಂಬು ಇಟ್ರೆ ಚೆನ್ನಾಗಿರಲ್ಲ.”

“ಹಾಗಾದ್ರೆ ದಿಂಬೇ ಬೇಡ.”

“ದಿಂಬು ಪ್ಯಾಕೇಜಲ್ಲೇ ಬರತ್ತೆ ಮೇಡಂ.”

ಹೆಂಗಸು ದಿಂಬನ್ನು ಸೇವಂತಿಗೆಯ ಸಾಲಿನ ಮುಂದೆ, ಅಪ್ಪನ ಫೋಟೋದ ಕೆಳಗೆ ಇಟ್ಟು ಹೋದಳು. ಬೆಳಗಿನ ಏಳು ಗಂಟೆ. ಸಾವಾಗಿ ಮೂರನೆಯ ದಿನ. ಹತ್ತಕ್ಕೆ ಶವ ಹೊರಡಬೇಕು. ಅದಕ್ಕೆ ಮೊದಲು, ಒಂಬತ್ತಕ್ಕೆ, ಯೂನ್‌ಹಾಳ ವಾಯುನೆಲೆಯ ಕರ್ನಲ್ ಬರುವವನಿದ್ದ.

ಫೋಟೋದಲ್ಲಿ ಅಪ್ಪ ಚೌಕಳಿ ಅಂಗಿ ತೊಟ್ಟಿದ್ದ. ಅತ್ತೆಯ ಅರವತ್ತನೆಯ ಹುಟ್ಟುಹಬ್ಬದ ಗುಂಪು ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಎಡಕ್ಕೆ ಬೇರೆ ಯಾರದೋ ಹೆಗಲು ಹಾಗೇ ಉಳಿದಿತ್ತು. ಯೂನ್‌ಹಾ ಅದರ ಮುಂದೆ ವಾಯುಪಡೆಯ ನೀಲಿ ಸಮವಸ್ತ್ರದಲ್ಲಿ ನಿಂತಿದ್ದಳು. ಮೇಜರ್ ತಾಕ್ ಯೂನ್‌ಹಾ, ಯುದ್ಧವಿಮಾನದ ಪೈಲಟ್. ಈ ಶರತ್ಕಾಲದ ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರಿತ್ತು. ಕರಿ ಶೋಕದುಡುಪು ತೊಡು ಎಂದು ಅತ್ತೆ ಮೂರು ದಿನದಿಂದ ಗೊಣಗುತ್ತಿದ್ದಳು. ಅವಳು ತೊಟ್ಟಿರಲಿಲ್ಲ.

“ನಿಂದೊಂದು ಇದ್ಯಲ್ಲ,” ಎಂದಳು ಬುನ್ನಾಮ್ ಅತ್ತೆ, ಅಪ್ಪನ ತಂಗಿ, ಊದುಬತ್ತಿಯ ಬೂದಿ ಕೊಡವುತ್ತ. “ಅದನ್ನೇ ಇಡು. ಹತ್ರ ಬಂದು ಯಾರು ಓದ್ತಾರೆ?”

“ಅತ್ತೆ, ಅದು ನಂದು.”

“ನೀನು ಯಾರೋಳು? ಅವನೋಳೇ ಅಲ್ವಾ? ನಿಮ್ಮ ದೊಡ್ಡ ಸಾಹೇಬ್ರು ಬರ್ತಾರೆ ಅಂತೀಯ. ಖಾಲಿ ದಿಂಬು ನೋಡಿ ಏನಂದ್ಕೋತಾರೆ? ಇವಳಪ್ಪ ಅಲ್ಲಿ ಕಸ ಗುಡಿಸ್ತಿದ್ದ ಅಂದ್ಕೋತಾರೆ.”

ಪದಕದ ಡಬ್ಬಿ ಯೂನ್‌ಹಾಳ ಚೀಲದಲ್ಲೇ ಇತ್ತು. ಅತ್ತೆ ಹೇಳುವ ಮೊದಲೇ, ಸಾವಿನ ಸುದ್ದಿ ಬಂದ ದಿನವೇ, ಸಾಕ್ಸು ಸೋಪಿನ ಜೊತೆ ಅದನ್ನೂ ತುರುಕಿಕೊಂಡು ಬಂದಿದ್ದಳು. ಒಂದು ಎಂಜಿನ್ ಕೆಟ್ಟ ವಿಮಾನವನ್ನು ಸಮುದ್ರದ ಮೇಲಿಂದ ವಾಪಸ್ ತಂದದ್ದಕ್ಕೆ ಕೊಟ್ಟ ಪದಕ. ಸುತ್ತ ಯಾರೂ ಇಲ್ಲದ್ದು ನೋಡಿ ತೆಗೆದು ದಿಂಬಿನ ಮೇಲಿಟ್ಟಳು. ರಿಬ್ಬನ್ನು ನೇರ ಮಾಡಿದಳು. ಚೆನ್ನಾಗಿಯೇ ಕಂಡಿತು.

ಎಂಟು ಗಂಟೆಗೆ ಮುದುಕರು ಬಂದರು. ನಾಲ್ವರೂ ಅಪ್ಪನ ಜೊತೆ ವಿಮಾನ ರಿಪೇರಿ ಮಾಡಿದವರು. ಮುಂದೆ ಪ್ಯೋ ಜೊಂಗಿಲ್, ಅಪ್ಪನ ಆಪ್ತ ಗೆಳೆಯ, ಕಂಕುಳಲ್ಲಿ ನ್ಯೂಸ್‌ಪೇಪರಿನ ಗಂಟು. ನಾಲ್ವರೂ ಫೋಟೋದ ಮುಂದೆ ಎರಡು ಸಲ ಅಡ್ಡಬಿದ್ದರು. ಎರಡನೆಯ ಸಲ ಏಳುವಾಗ ಪ್ಯೋನ ಮಂಡಿ ಲಟಕ್ಕೆಂದಿತು.

“ಎಣ್ಣೆ ಹಾಕ್ಸೋ ಮಾರಾಯ,” ಎಂದ ಹಿಂದಿನವನು.

“ಹಾಕೋನು ಒಳಗೆ ಮಲ್ಗಿದಾನೆ,” ಎಂದ ಪ್ಯೋ. ಆಮೇಲೆ ಕನ್ನಡಕ ಏರಿಸಿ ದಿಂಬಿನತ್ತ ಬಗ್ಗಿದ. “ಇದ್ಯಾರ್ದು?”

“ಅಣ್ಣಂದು,” ಎಂದಳು ಅತ್ತೆ, ತಟ್ಟನೆ.

“ವಿಮಾನ ಹಾರಿಸೋರಿಗೆ ಕೊಡೋದಲ್ವಾ ಇದು? ಮಾನ್‌ಶಿಕ್ ಯಾವಾಗ ಹಾರಿದ? ಜೆಜು ದ್ವೀಪಕ್ಕೆ ಪ್ರವಾಸ ಹೋದಾಗ್ಲೂ ನಾವೆಲ್ಲ ವಿಮಾನದಲ್ಲಿ ಹೋದ್ರೆ ಅವನೊಬ್ಬ ಹಡಗು ಹತ್ತಿದ.”

“ಹೌದಲ್ಲ! ವಾಂತಿ ಮಾಡ್ಕೊಂಡು ಹಸಿರುಗಟ್ಟಿ ಬಂದಿದ್ದ.”

“ಯಾಕೋ ಅಂದ್ರೆ, ‘ಆ ವಿಮಾನದ ಪಿನ್ನು ಯಾರು ತೆಗ್ದಿದಾರೋ ನಂಗೇನು ಗೊತ್ತು’ ಅಂದ.”

ನಾಲ್ವರೂ ನಕ್ಕರು. ಅತ್ತೆಯೂ ನಕ್ಕಳು. ಪ್ಯೋ ಯೂನ್‌ಹಾಳ ಮುಖವನ್ನು ಒಂದು ಗಳಿಗೆ ನೋಡಿದ. ನಗು ನಿಲ್ಲಿಸಿದ.

“ಆಮೇಲೆ ಬರ್ತೀನಿ ಮೇಜರಮ್ಮ. ಮೊದ್ಲು ಸಾರು ಕುಡೀತೀವಿ. ಗಡಿಯಾರ ನೋಡ್ಕೊಂಡು ಬೆಳಿಗ್ಗೆ ಐದಕ್ಕೇ ಬಸ್ ಹತ್ತಿದೀವಿ.”

ಊಟದ ಕೋಣೆಯಲ್ಲಿ ಕಾಗದ ಹಾಸಿದ ಕುಳ್ಳು ಮೇಜುಗಳು. ಖಾರದ ಕೆಂಪು ಮಾಂಸದ ಸಾರು, ಅನ್ನ, ಒಣಮೀನು, ಸೋಜು ಮದ್ಯದ ಬಾಟಲಿ. ಪಕ್ಕದ ಮೇಜಿನಲ್ಲಿ ಅವಳ ಸ್ಕ್ವಾಡ್ರನ್ನಿನ ಇಬ್ಬರು ಹೊಸ ಪೈಲಟ್‌ಗಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮುದುಕರಿಗೆ ಅವರನ್ನು ನೋಡಿ ಖುಷಿ.

“ಏನಪ್ಪಾ ಕ್ಯಾಪ್ಟನ್, ತಿನ್ನು. ನೀವು ತಿಂದ್ರೆ ತಾನೇ ನಾವು ತಳ್ಳೋ ವಿಮಾನ ಮೇಲೇಳೋದು.”

ಕ್ಯಾಪ್ಟನ್ ನಾಚಿಕೊಂಡ. “ತಾತ, ನೀವೆಲ್ಲ ತಾಕ್ ಸಾರ್ಜೆಂಟ್ ಜೊತೆ ಇದ್ರಾ? ಆ ಆರು ಪಿನ್ನಿನ ಕತೆ ನಿಜಾನಾ?”

“ಯಾವ ಕತೆ?”

“ಅದೇ, ಮೇಜರ್ ಮೇಡಂಗೆ ಟೆಸ್ಟ್ ಮಾಡಿದ್ದು. ಬೇಕಂತ್ಲೇ ಏಳರಲ್ಲಿ ಒಂದು ಪಿನ್ನು ಬಚ್ಚಿಟ್ಟು ಆರೇ ತೋರಿಸಿದ್ರಂತೆ. ಸ್ವಂತ ಮಗಳು ಅಂತಾನೂ ನೋಡದೆ ಕ್ಯಾಮೆರಾ ಮುಂದೆ ವಿಮಾನ ನಿಲ್ಲಿಸಿದ್ರಂತೆ. ಟ್ರೈನಿಂಗಲ್ಲಿ ಎಲ್ರೂ ಹೇಳ್ತಾರೆ.”

ಯೂನ್‌ಹಾ ಅನ್ನದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪ್ಯೋ ಚಮಚ ಕೆಳಗಿಟ್ಟ.

“ಟೆಸ್ಟಾ?” ಎಂದ.

*

ಹನ್ನೊಂದು ವರ್ಷದ ಹಿಂದೆ ಅವಳು ಲೆಫ್ಟಿನೆಂಟ್. ಅಪ್ಪನ ನಿವೃತ್ತಿಗೆ ಎರಡು ತಿಂಗಳು ಬಾಕಿ. ನೆಲೆಯ ಪ್ರಚಾರ ವಿಭಾಗದವರಿಗೆ ಇಂಥದ್ದು ಸಿಕ್ಕಿದರೆ ಬಿಟ್ಟಾರೆಯೇ? ಅಪ್ಪ ಸಜ್ಜುಮಾಡುವ ವಿಮಾನ, ಮಗಳು ಹಾರಿಸುವ ವಿಮಾನ. ಮೂರು ಪತ್ರಿಕೆ, ಒಂದು ಟಿವಿ ಕರೆಸಿದರು. ನಾಲ್ಕು ವಿಮಾನ ಒಟ್ಟಿಗೆ ಏಳಬೇಕು. ಅವಳದು ಮೂರನೆಯದು.

ನೆಲದ ಮೇಲೆ ನಿಂತ ಯುದ್ಧವಿಮಾನಕ್ಕೆ ಏಳು ಕಡೆ ಪಿನ್ನು ಚುಚ್ಚಿರುತ್ತಾರೆ. ಚಕ್ರ ತಾನಾಗಿ ಮಡಚಬಾರದು, ರೆಕ್ಕೆಯ ಕೆಳಗೆ ತೂಗುವ ಟ್ಯಾಂಕು ತಾನಾಗಿ ಕಳಚಬಾರದು. ಪ್ರತಿ ಪಿನ್ನಿಗೂ ಮೊಳದುದ್ದ ಕೆಂಪು ಪಟ್ಟಿ. ಹೊರಡುವ ಮುನ್ನ ಮೆಕ್ಯಾನಿಕ್ ಅಷ್ಟನ್ನೂ ಕಿತ್ತು, ವಿಮಾನದ ಮುಂದೆ ನಿಂತು, ಪೈಲಟ್‌ಗೆ ಕಾಣುವಂತೆ ಎತ್ತಿ ಹಿಡಿಯುತ್ತಾನೆ. ಪೈಲಟ್ ಎಣಿಸಿ ಹೆಬ್ಬೆರಳು ಎತ್ತಬೇಕು. ಒಂದು ಉಳಿದರೂ ಮೇಲೆ ಹೋದಮೇಲೆ ಕೀಳಲು ಯಾರೂ ಇರುವುದಿಲ್ಲ.

ಅಪ್ಪನಿಗೆ ಹೆಬ್ಬೆರಳು ಸಾಲುತ್ತಿರಲಿಲ್ಲ. ಬೆರಳು ಬಿಡಿಸಿ ತೋರಿಸಬೇಕು. ಐದು, ಆಮೇಲೆ ಎರಡು. ತೋರಿಸುವವರೆಗೆ ಸೆಲ್ಯೂಟ್ ಹೊಡೆಯುತ್ತಿರಲಿಲ್ಲ, ದಾರಿ ಬಿಡುತ್ತಿರಲಿಲ್ಲ. ಕರ್ನಲ್ ಇರಲಿ, ಜನರಲ್ ಇರಲಿ. ಪೈಲಟ್‌ಗಳು ಅವನನ್ನು ಬಾಲವಾಡಿ ಮೇಷ್ಟ್ರು ಎನ್ನುತ್ತಿದ್ದರು. ಅವರಲ್ಲಿ ಯೂನ್‌ಹಾಳೂ ಸೇರಿಕೊಂಡು ನಕ್ಕಿದ್ದಳು.

ಮನೆಯಲ್ಲೂ ಅದೇ. ಅಮ್ಮ ಹೋದಮೇಲೆ ಇದ್ದದ್ದು ಇಬ್ಬರೇ. ಆದರೂ ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, “ಪುಸ್ತಕ ಎಷ್ಟು?” ಎನ್ನುತ್ತಿದ್ದ. ಬಾಯಲ್ಲಿ ಹೇಳಿದರೆ ಆಗದು, ಬೆರಳಲ್ಲಿ ತೋರಿಸಬೇಕು.

ಆ ದಿನ ಎಂಜಿನ್ ಗುಡುಗುತ್ತಿತ್ತು. ಅಪ್ಪ ಎದುರಿಗೆ ಬಂದು ಕೈ ಎತ್ತಿದ. ಕೆಂಪು ಪಟ್ಟಿಗಳು ಗಾಳಿಗೆ ಪಟಪಟ ಹೊಡೆದುಕೊಂಡವು. ಅವನ ಎಡಕ್ಕೆ ಕ್ಯಾಮೆರಾಗಳಿದ್ದವು. ಯೂನ್‌ಹಾ ಕ್ಯಾಮೆರಾಗಳ ಕಡೆ ನೋಡಿ ಹೆಬ್ಬೆರಳು ಎತ್ತಿದಳು. ಗಾಜಿನ ಒಳಗಿನಿಂದ ನಕ್ಕಳು ಕೂಡ.

ಅಪ್ಪ ಅವಳ ಹೆಬ್ಬೆರಳು ನೋಡಿದ. ತನ್ನ ಕೈ ನೋಡಿಕೊಂಡ. ಆಮೇಲೆ ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದ. ನಿಲ್ಲಿಸು.

“ಮೂರು, ಏನಾಯ್ತು?” ರೇಡಿಯೋದಲ್ಲಿ ತಂಡದ ನಾಯಕ ಕೇಳಿದ. “ಮೂರು? ಬರ್ತೀಯೋ ಇಲ್ವೋ?”

ಮೂರು ವಿಮಾನಗಳು ಅವಳನ್ನು ಬಿಟ್ಟು ಹಾರಿದವು. ಕ್ಯಾಮೆರಾಗಳು ಅವನ್ನು ಹಿಂಬಾಲಿಸಿದವು. ಅವಳು ಎಂಜಿನ್ ಆರಿಸಿ ಏಣಿ ಇಳಿದಳು. ಯಾರೋ ಆಗಲೇ ಹೇಳುತ್ತಿದ್ದರು: ಮುದುಕ ಮಗಳನ್ನೇ ಟೆಸ್ಟ್ ಮಾಡಿಬಿಟ್ಟ ಕಣ್ರೋ.

ಹ್ಯಾಂಗರಿನಲ್ಲಿ ಅಪ್ಪನೇ ಅವಳನ್ನು ಹುಡುಕಿಕೊಂಡು ಬಂದ. ಕಿವಿಯ ಹಿಂದೆ ಗ್ರೀಸು ಮೆತ್ತಿತ್ತು. ಕೈಯಲ್ಲಿ ಒಂದೇ ಒಂದು ಪಿನ್ನು.

“ಯೂನ್‌ಹಾ, ಅದು—”

“ಸಾರ್ಜೆಂಟ್ ತಾಕ್.”

ಅಪ್ಪ ಅಟೆನ್ಷನ್ ಭಂಗಿಗೆ ಬಂದ.

“ನಾನು ಯಾರು?”

“ಲೆಫ್ಟಿನೆಂಟ್, ಮೇಡಂ.”

“ಅಧಿಕಾರಿಯನ್ನ ಪರೀಕ್ಷೆ ಮಾಡೋ ಹಕ್ಕು ನಿಮಗೆ ಯಾರು ಕೊಟ್ರು?”

ಅಪ್ಪ ಬಾಯಿ ತೆರೆದ.

“ಉತ್ತರ ಬೇಡ. ನನ್ನ ಮುಂದೆ ಈ ಮಾತು ಇನ್ನೊಂದ್ಸಲ ಬರಕೂಡದು. ಮನೇಲೂ ಬರಕೂಡದು. ಇದು ಆದೇಶ.”

“ಆಗಲಿ, ಮೇಡಂ,” ಎಂದು ಅಪ್ಪ ಸೆಲ್ಯೂಟ್ ಹೊಡೆದ. ಅವಳು ಬಾಗಿಲು ದಾಟುವವರೆಗೂ ಕೈ ಇಳಿಸಲಿಲ್ಲ. ಅವಳಿಗೆ ಆಗ ಇಪ್ಪತ್ತಾರು. ಎದೆ ಹಗುರಾಗಿತ್ತು. ಅದು ಹಗುರಾದದ್ದನ್ನು ಅವಳು ಮುಂದೆ ಯಾವತ್ತೂ ಸುಳ್ಳೆನ್ನಲಿಲ್ಲ.

*

“ಟೆಸ್ಟು ಗಿಸ್ಟು ಏನಿಲ್ಲ,” ಎಂದ ಪ್ಯೋ. “ಮರೆತಿದ್ದ.”

ಕ್ಯಾಪ್ಟನ್ ನಗಲೋ ಬೇಡವೋ ಎಂದು ನೋಡಿದ.

“ಎಡ ರೆಕ್ಕೆ ಕೆಳಗಿಂದು. ನಾನು ಪಕ್ಕದ ವಿಮಾನದ ಕೆಲಸದಲ್ಲಿದ್ದೆ, ಕಣ್ಣಾರೆ ಕಂಡಿದೀನಿ. ಆರು ಕಿತ್ತ. ಏಳನೇದಕ್ಕೆ ಬಗ್ಗೋ ಹೊತ್ತಿಗೆ ಮೇಲೆ ಇವಳು ಹೆಲ್ಮೆಟ್ ಹಾಕ್ಕೊಂಡ್ಳು. ನೋಡ್ತಾ ನಿಂತ್ಬಿಟ್ಟ. ಬಾಯಿ ಬಿಟ್ಕೊಂಡು, ಸಂತೆಗೆ ಬಂದ ಹಳ್ಳಿಯವನ ಥರ. ಲೋ ಮಾನ್‌ಶಿಕ್ ಅಂತ ಕೂಗ್ದೆ, ಆ ಸದ್ದಲ್ಲಿ ಎಲ್ಲಿ ಕೇಳತ್ತೆ? ಮೂವತ್ಮೂರು ವರ್ಷದಲ್ಲಿ ಅದೊಂದೇ ಸಲ ಕೈ ನಿಂತಿದ್ದು ಅವನ್ದು.”

ಯೂನ್‌ಹಾ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. “ಪ್ಯೋ ಮಾವ, ಅವತ್ತು ಅಪ್ಪ ಯಾರಿಗೂ ಹಾಗೆ ಹೇಳ್ಲಿಲ್ಲ.”

“ಹೇಳ್ಲಿಲ್ವಾ? ಬರೆದೇ ಕೊಟ್ಟ! ಯಾರೂ ಕೇಳಿರ್ಲಿಲ್ಲಮ್ಮ. ಎಲ್ರೂ ಟೆಸ್ಟ್ ಅಂದ್ಕೊಂಡಿದ್ರು, ಹೂಂ ಅಂದಿದ್ರೆ ಮುಗೀತಿತ್ತು, ಇನ್ನೂ ಹೊಗಳ್ತಿದ್ರು. ಬಾಯ್ಮುಚ್ಕೊಂಡಿರೋ ಅಂತ ನಾನೇ ಅಂದೆ. ಎರಡು ತಿಂಗಳಷ್ಟೆ, ಪದಕ ತಗೊಂಡು ಮನೆಗೆ ಹೋಗು ಅಂದೆ. ಅವತ್ತೇ ಮಧ್ಯಾಹ್ನ ಕಾಗದ ತಗೊಂಡು ಕೂತ. ‘ಪಿನ್ನು ಮರೆತವನು ನಾನು, ಬೇರೆ ಯಾರೂ ಅಲ್ಲ.’ ಛೀಮಾರಿ ಹಾಕಿದ್ರು. ಛೀಮಾರಿ ಬಿದ್ದೋನಿಗೆ ಪದಕ ಇಲ್ಲ. ರೂಲ್ಸು.”

ಬೇರೆ ಮೇಜುಗಳಲ್ಲಿ ಮಾತು ನಿಂತಿತು. ಪ್ಯೋನಿಗೆ ಮೊದಲಿನಿಂದಲೂ ಎಂಜಿನ್ನಿನ ಪಕ್ಕ ನಿಂತು ಮಾತಾಡಿ ಅಭ್ಯಾಸ. ಮೆಲ್ಲಗೆ ಹೇಳುವುದು ಬರುತ್ತಿರಲಿಲ್ಲ.

“ಆ ಫಾರಮ್ಮಲ್ಲಿ ಒಂದು ಕಾಲಂ ಇತ್ತು. ಪೈಲಟ್ ಎಣಿಸಿದರೇ? ಅಲ್ಲಿ ಏನು ಬರೆದ ಗೊತ್ತಾ? ‘ಪೈಲಟ್ ಎಣಿಸಿ ಆರು ಎಂದು ಬೆರಳು ತೋರಿಸಿದರು. ಅದರಿಂದಲೇ ತಪ್ಪು ಪತ್ತೆಯಾಯಿತು.’” ಪ್ಯೋ ಸೋಜು ಲೋಟ ಎತ್ತಿ ಕುಡಿಯದೆ ಕೆಳಗಿಟ್ಟ. “ಅವನು ಜೀವಮಾನದಲ್ಲಿ ಬರೆದಿದ್ರಲ್ಲಿ ಅದೊಂದೇ ಸುಳ್ಳು. ನಿನ್ನ ಫೈಲಲ್ಲಿ ಒಂದು ಒಳ್ಳೆ ಸಾಲು ಬಿದ್ದಿರ್ಬೇಕು ನೋಡು.”

ಬಿದ್ದಿತ್ತು. ‘ಹಾರಾಟಪೂರ್ವ ತಪಾಸಣೆಯಲ್ಲಿ ಅಸಾಧಾರಣ ಎಚ್ಚರ.’ ಮೇಜರ್ ಬಡ್ತಿಯ ಸಮಯದಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿದ್ದರು. ಯಾವ ದಿನದ್ದು, ಯಾತಕ್ಕೆ ಎಂದು ಅವಳು ಕೇಳಿರಲಿಲ್ಲ. ತನಗೆ ಸಲ್ಲಬೇಕಾದದ್ದು ಎಂದುಕೊಂಡಿದ್ದಳು.

“ನಂಗ್ಯಾಕೆ ಹೇಳ್ಲಿಲ್ಲ?”

“ನಾನೂ ಕೇಳ್ದೆ. ಮೇಲಧಿಕಾರಿ ಆದೇಶ ಇದೆ ಅಂದ.” ಪ್ಯೋ ಅವಳನ್ನು ನೋಡಿದ. “ಯಾವ ಅಧಿಕಾರಿ ಅಂತ ಹೇಳ್ಲಿಲ್ಲ. ನಂಗೇನು ಗೊತ್ತಾಗಲ್ವಾ?”

*

ನಿವೃತ್ತನಾದ ಅಪ್ಪ ಊರಿಗೆ ಹೋಗಿ ಟಿಲ್ಲರು, ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದ. ಮನೆಯ ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗದ ಮೇಲೆ, ಮೊಳೆಗೆ ಆ ಪಿನ್ನು ನೇತುಹಾಕಿದ್ದ. ಕೆಂಪು ಪಟ್ಟಿ ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಒಳಗೆ ಹೋಗುವಾಗ, ಹೊರಗೆ ಬರುವಾಗ ಅದು ಹಣೆಯ ಎತ್ತರಕ್ಕೆ ಸಿಗುತ್ತಿತ್ತು.

ನಾಲ್ಕು ವರ್ಷದ ಹಿಂದೆ, ಸುಗ್ಗಿಯ ಹಬ್ಬಕ್ಕೆ ಯೂನ್‌ಹಾ ಒಂದು ದಿನದ ರಜೆಯಲ್ಲಿ ಬಂದಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೇ ಅತ್ತೆಯ ಮಗ ಗ್ಯುತೆಗೆ ಕುಡಿದು ನಾಲಿಗೆ ಸಡಿಲವಾಗಿತ್ತು.

“ಅಕ್ಕಾ, ನಿನ್ನ ಮಾರ್ಕ್ಸ್ ಕಾರ್ಡ್ ಇನ್ನೂ ನೇತಾಡ್ತಿದೆ ನೋಡು. ಏಳಕ್ಕೆ ಆರು! ಪಾಸೋ ಫೇಲೋ?”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಏನೋ ಹೇಳಲು ಬಾಯಿ ತೆರೆದು, ಅವಳನ್ನು ನೋಡಿ, ಮುಚ್ಚಿಕೊಂಡ. ಅವಳು ಎದ್ದು ಮೊಳೆಯಿಂದ ಪಿನ್ನು ಕಿತ್ತುಕೊಂಡು, ಗದ್ದೆಯ ಬದುವಿನ ಮೇಲೆ ನಡೆದುಹೋಗಿ, ಕೆರೆಗೆ ಬೀಸಿ ಒಗೆದಳು. ಪಟ್ಟಿ ಒಂದು ಗಳಿಗೆ ನೀರ ಮೇಲೆ ಕೆಂಪಗೆ ಹರಡಿತು. ಆಮೇಲೆ ಮುಳುಗಿತು. ಅವಳು ವಾಪಸ್ ಬಂದು ಕೂತಾಗ ಅಪ್ಪ ಅವಳ ಬಟ್ಟಲಿಗೆ ಇನ್ನಷ್ಟು ಸಾರು ಬಡಿಸಿದ.

ಮರುದಿನ ಬೆಳಿಗ್ಗೆ ಅವಳು ಕಾರಿಗೆ ಚೀಲ ತುಂಬುವಾಗ ಅಪ್ಪ ಕೆರೆಯಲ್ಲಿ ಸೊಂಟದವರೆಗೆ ನಿಂತಿದ್ದ. ಹಳೆಯ ಲೌಡ್‌ಸ್ಪೀಕರಿನ ದೊಡ್ಡ ಆಯಸ್ಕಾಂತಕ್ಕೆ ಹಗ್ಗ ಕಟ್ಟಿ, ಎಸೆದು, ಎಳೆದು, ಮತ್ತೆ ಎಸೆಯುತ್ತಿದ್ದ. ಅಳತೆ ಹಿಡಿದು ಸಾಲು ಸಾಲಾಗಿ ಹುಡುಕುತ್ತಿದ್ದ. ರನ್‌ವೇ ಮೇಲೆ ಬಿದ್ದ ಮೊಳೆ ಹುಡುಕುವುದು ಹೀಗೆಯೇ.

“ನಾನು ಹೊರಟೆ,” ಎಂದು ಅವಳು ಬದುವಿನಿಂದ ಕೂಗಿದಳು.

“ಹೂಂ. ಹುಷಾರು,” ಎಂದ ಅಪ್ಪ. ಆಯಸ್ಕಾಂತಕ್ಕೆ ತುಕ್ಕು ಹಿಡಿದ ಒಂದು ಡಬ್ಬಿ ಮುಚ್ಚಳ ಅಂಟಿತ್ತು.

ತನ್ನನ್ನು ಚುಚ್ಚಲಿಕ್ಕೇ ಅದನ್ನು ಅಲ್ಲಿ ನೇತುಹಾಕಿದ್ದಾನೆ ಎಂದು ಅವಳು ಆಗ ತಿಳಿದಿದ್ದಳು. ಇಂದು ಬೆಳಿಗ್ಗೆಯವರೆಗೂ ಹಾಗೇ ತಿಳಿದಿದ್ದಳು.

*

ಕರ್ನಲ್ ಮ್ಯೊಂಗ್ ಒಂಬತ್ತಕ್ಕೆ ಸರಿಯಾಗಿ ಬಂದ. ಹಿಂದೆ ಇಬ್ಬರು ಅಧಿಕಾರಿಗಳು. ಎರಡು ಸಲ ಅಡ್ಡಬಿದ್ದು, ಯೂನ್‌ಹಾಳಿಗೆ ತಲೆಬಾಗಿ, ದಿಂಬಿನತ್ತ ತಿರುಗಿದ. ಅತ್ತೆ ಕರಿ ಶೋಕದುಡುಪಿನ ಎದೆಯ ಕಟ್ಟು ಬಿಗಿ ಮಾಡಿಕೊಂಡು ಪಕ್ಕದಲ್ಲಿ ನಿಂತಳು.

“ಪದಕ ನೋಡಿದ್ರೆ ಗೊತ್ತಾಗತ್ತೆ, ಮೇಜರ್ ತಾಕ್,” ಎಂದ ಕರ್ನಲ್. “ಅಪ್ಪನ ಹಾಗೇ ಮಗಳು.”

“ಸರ್, ಅದು ನಂದು.”

ಕರ್ನಲ್‌ಗೆ ಅರ್ಥವಾಗಲಿಲ್ಲ. ಯೂನ್‌ಹಾ ಪದಕವನ್ನು ದಿಂಬಿನಿಂದ ತೆಗೆದು ಜೇಬಿಗೆ ಹಾಕಿಕೊಂಡಳು. “ಅಪ್ಪಂಗೆ ಪದಕ ಇರ್ಲಿಲ್ಲ ಸರ್. ಖಾಲಿ ಕಾಣತ್ತೆ ಅಂತ ನಾನೇ ಇಟ್ಟಿದ್ದೆ.”

“ಅಯ್ಯೋ ನಿನ್ನ,” ಎಂದಳು ಅತ್ತೆ ಹಲ್ಲಿನ ಸಂದಿಯಲ್ಲಿ.

“ಹನ್ನೊಂದು ವರ್ಷದ ಹಿಂದೆ ನನ್ನ ವಿಮಾನದಲ್ಲಿ ಒಂದು ಪಿನ್ನು ಉಳಿದಿತ್ತು. ನಾನು ಎಣಿಸಿ ಹಿಡಿದೆ ಅಂತ ನನ್ನ ಫೈಲಲ್ಲಿದೆ. ನಾನು ಎಣಿಸಿರ್ಲಿಲ್ಲ. ಹೆಬ್ಬೆರಳು ಎತ್ತಿದ್ದೆ. ಹಿಡಿದಿದ್ದು ಅಪ್ಪ. ತಾನೇ ಮರೆತಿದ್ದು, ತಾನೇ ಹಿಡಿದ, ತಾನೇ ಬರೆದುಕೊಟ್ಟ. ಪದಕ ಹೋಯ್ತು.”

ಊಟದ ಕೋಣೆಯ ಬಾಗಿಲಿಗೆ ಜನ ಬಂದು ನಿಂತಿದ್ದರು. ಕ್ಯಾಪ್ಟನ್‌ನ ಕೈಯಲ್ಲಿ ಚಮಚ ಹಾಗೇ ಇತ್ತು.

“ಬಡ್ತಿಯ ಸಮಿತಿ ಮುಂದಿನ ತಿಂಗಳು ಕೂರತ್ತೆ,” ಎಂದ ಕರ್ನಲ್, ತಗ್ಗಿದ ದನಿಯಲ್ಲಿ. “ಇದನ್ನ ಇವತ್ತು, ಇಲ್ಲಿ, ಹೀಗೆ ಹೇಳ್ಬೇಕಿತ್ತಾ?”

“ಬರೆದೂ ಕೊಡ್ತೀನಿ ಸರ್. ನಾಳೆ.”

ಕರ್ನಲ್ ಅವಳನ್ನೇ ನೋಡುತ್ತ ನಿಂತ. ಆಮೇಲೆ ಟೊಪ್ಪಿ ಕಂಕುಳಿಗಿಟ್ಟುಕೊಂಡು ಫೋಟೋದ ಕಡೆ ತಿರುಗಿದ. ಚೌಕಳಿ ಅಂಗಿಯ ಮುದುಕನನ್ನು, ಪಕ್ಕದ ಯಾರದೋ ಹೆಗಲನ್ನು ನೋಡಿದ. ಈ ಸಲ ಸೆಲ್ಯೂಟ್ ಹೊಡೆದ.

ಕರ್ನಲ್ ಸರಿದ ಮೇಲೆ ಪ್ಯೋ ಮುಂದೆ ಬಂದು ನೆಲದ ಮೇಲೆ ನ್ಯೂಸ್‌ಪೇಪರಿನ ಗಂಟು ಬಿಚ್ಚಿದ. ಆರು ಪಿನ್ನು, ಆರು ಕೆಂಪು ಪಟ್ಟಿ. ಪಟ್ಟಿಗಳನ್ನು ಒಗೆದು ಇಸ್ತ್ರಿ ಹಾಕಿಸಿದ್ದ.

“ಆ ವಿಮಾನ ಗುಜರಿಗೆ ಹೋದಾಗ ಕೇಳಿ ಇಸ್ಕೊಂಡೆ. ಮಾನ್‌ಶಿಕ್ ಒಂದೇ ಸಾಕು ಅಂದ, ಅವನು ಮರೆತನಲ್ಲ, ಅದು. ದಿನಾ ಕಣ್ಣಿಗೆ ಬೀಳ್ಬೇಕು, ಇಲ್ದಿದ್ರೆ ನಾನು ದೊಡ್ಡ ಮನುಷ್ಯ ಅನ್ಸಕ್ಕೆ ಶುರುವಾಗತ್ತೆ ಅಂದ. ಏಳೂ ಸೇರಿಸಿ ಇವತ್ತು ಈ ದಿಂಬಿನ ಮೇಲೆ ಇಡೋಣ ಅಂತ ತಂದೆ. ಯಾವ ಪದಕ ಬೇಕು ಇದ್ರ ಮುಂದೆ? ಅವನು ಕಳಿಸಿದ ವಿಮಾನಗಳಲ್ಲಿ ಒಂದಾದ್ರೂ ಅವನ ಕೈತಪ್ಪಿಂದ ವಾಪಸ್ ಬರ್ಲಿಲ್ಲ ಅನ್ನೋ ಹಾಗಿಲ್ಲ. ಯಾರು ಹೇಳ್ತಾರೆ ಆ ಮಾತು? ಹೇಳ್ಲಿ ನೋಡೋಣ.” ಅವನ ದನಿ ಏರಿತು. ಉಳಿದ ಮೂವರು ಮುದುಕರು ಬೆನ್ನು ನೆಟ್ಟಗೆ ಮಾಡಿದರು. ಪ್ಯೋ ಅಂಗೈ ಚಾಚಿದ. “ಏಳನೇದು ತಾಮ್ಮ. ಬಾಗಿಲ ಪಕ್ಕ ಮೊಳೇಲಿದೆ, ತಂದಿದೀಯ ತಾನೇ?”

“ಇಲ್ಲ.”

“ಮನೇಲೇ ಬಿಟ್ಯಾ?”

“ಕೆರೆಗೆ ಎಸೆದೆ. ನಾನೇ. ನಾಲ್ಕು ವರ್ಷ ಆಯ್ತು.”

ಪ್ಯೋನ ಅಂಗೈ ಹಾಗೇ ಚಾಚಿಕೊಂಡಿತ್ತು.

“ಅಯ್ಯೋ ದೇವ್ರೇ,” ಎಂದಳು ಅತ್ತೆ. “ಅದಕ್ಕೇನಾ ಅಣ್ಣ ಪ್ರತಿ ಸುಗ್ಗೀಲಿ ನೀರು ಹೊರಗೆ ಬಿಟ್ಟ ಕೂಡ್ಲೇ ಕೆರೆಗೆ ಇಳೀತಿದ್ದಿದ್ದು! ಹೋದ ವರ್ಷ ಕೆಮ್ಮು ಇಟ್ಕೊಂಡೂ ಇಳಿದ. ನಾನು ಮೀನಿಗೆ ಅಂದ್ಕೊಂಡಿದ್ದೆ. ಒಂದು ಮೀನೂ ತರದೆ ಬರ್ತೀಯಲ್ಲೋ ಅಂತ ಬೈತಿದ್ದೆ.”

ಯಾರೂ ನಗಲಿಲ್ಲ. ಗ್ಯುತೆ ಗೋಡೆಯ ಕಡೆ ಮುಖ ತಿರುಗಿಸಿದ. ಯೂನ್‌ಹಾ ಮುದುಕನ ಮುಂದೆ ನಿಂತೇ ಇದ್ದಳು. ಬೈಗುಳಕ್ಕೆ ಕಾದಳು. ಬೈದಿದ್ದರೆ ಸುಲಭವಾಗುತ್ತಿತ್ತು. ಪ್ಯೋ ಆರು ಪಿನ್ನುಗಳನ್ನು ಒಂದೊಂದಾಗಿ ಎತ್ತಿ ಎಡಗೈಗೆ ಸೇರಿಸಿಕೊಂಡ.

“ಏಳು ಇಲ್ದೆ ದಿಂಬಿನ ಮೇಲೆ ಇಡಲ್ಲ,” ಎಂದ. “ಅವನು ಒಪ್ಪಲ್ಲ.”

ಹತ್ತಕ್ಕೆ ಶವ ಹೊರಟಿತು. ಗ್ಯುತೆ ಫೋಟೋ ಹಿಡಿದು ಮುಂದೆ ನಡೆದ. ಅವನ ಹಿಂದೆ ಹಾಲ್ ನೋಡಿಕೊಳ್ಳುವ ಹೆಂಗಸು ಖಾಲಿ ದಿಂಬು ಹಿಡಿದು, ಮುಖ ಗಂಟಿಕ್ಕಿಕೊಂಡು ಬಂದಳು. ಇಬ್ಬರು ಪೈಲಟ್‌ಗಳು, ಮೂವರು ಮುದುಕರು, ಕರ್ನಲ್‌ನ ಜೊತೆ ಬಂದ ಒಬ್ಬ ಅಧಿಕಾರಿ ಪೆಟ್ಟಿಗೆಗೆ ಹೆಗಲು ಕೊಟ್ಟರು. ಯೂನ್‌ಹಾ ಶವವಾಹನದಲ್ಲಿ ಡ್ರೈವರಿನ ಪಕ್ಕ ಕೂತಳು. ಎಂಜಿನ್ ಶುರುವಾಯಿತು.

ಕಟ್ಟಡದಿಂದ ಮೇಲೇರುವ ಇಳಿಜಾರಿನ ಮೇಲ್ತುದಿಯಲ್ಲಿ, ರಸ್ತೆ ಬಿಸಿಲಿಗೆ ಸೇರುವಲ್ಲಿ, ಪ್ಯೋ ಬಂದು ನಡುದಾರಿಯಲ್ಲಿ ನಿಂತ. ತೋಳುಗಳು ತಲೆಯ ಮೇಲೆ ಅಡ್ಡಡ್ಡ.

ಡ್ರೈವರ್ ಬ್ರೇಕ್ ಹಾಕಿದ. “ಏನಂತಮ್ಮ ಆ ಯಜಮಾನ್ರಿಗೆ? ಸುಡೋ ಕಡೆ ಹನ್ನೊಂದಕ್ಕೆ ಟೈಮ್ ಕೊಟ್ಟಿದಾರೆ. ತಪ್ಪಿದ್ರೆ ಮಧ್ಯಾಹ್ನ ಆಗತ್ತೆ.”

“ಆಗ್ಲಿ,” ಎಂದಳು ಯೂನ್‌ಹಾ.

ಪ್ಯೋ ತೋಳು ಬಿಚ್ಚಿ, ಎಡಗೈ ಮೇಲೆತ್ತಿದ. ಕೆಂಪು ಪಟ್ಟಿಗಳು ಗಾಳಿಗೆ ಬಡಿದಾಡಿದವು. ಒಂದರ ಮೇಲೊಂದು ಸುತ್ತಿಕೊಂಡವು. ಎರಡು ಒಂದೇ ಆಗಿ ಕಂಡವು.

“ಕೈ ಎತ್ತಿ ಹೂಂ ಅಂದ್ಬಿಡಿ ಅಮ್ಮಾ, ಹೋಗೋಣ,” ಎಂದ ಡ್ರೈವರ್.

“ತಡೀರಿ. ಎಣಿಸ್ತಿದೀನಿ.”

ಗಾಳಿ ನಿಲ್ಲುವವರೆಗೆ ಕಾದಳು. ಪಟ್ಟಿಗಳು ಬಿಡಿಬಿಡಿಯಾಗಿ ಇಳಿಬಿದ್ದವು. ಎಡದಿಂದ ಬಲಕ್ಕೆ ಎಣಿಸಿದಳು. ಬಲದಿಂದ ಎಡಕ್ಕೆ ಇನ್ನೊಮ್ಮೆ ಎಣಿಸಿದಳು. ಬಲಗೈಯನ್ನು ಗಾಜಿನ ಹತ್ತಿರ, ಮುದುಕನಿಗೆ ಕಾಣುವಂತೆ ಎತ್ತಿದಳು. ಐದು ಬೆರಳು ಬಿಡಿಸಿದಳು. ಮಡಚಿದಳು. ಆಮೇಲೆ ಒಂದು ಬೆರಳು.

ಪ್ಯೋ ಅವಳ ಬೆರಳು ನೋಡಿದ. ತನ್ನ ಕೈ ನೋಡಿಕೊಂಡ. ತಲೆಯಾಡಿಸಿ ಪಕ್ಕಕ್ಕೆ ಸರಿದು, ಅಟೆನ್ಷನ್ ಭಂಗಿಯಲ್ಲಿ ನಿಂತು, ಸೆಲ್ಯೂಟ್ ಹೊಡೆದ.

ಗಾಡಿ ಮುಂದೆ ಹೋಯಿತು. ಏಳು ಪಿನ್ನುಗಳಲ್ಲಿ ಆರು ಇದ್ದವು. ಒಂದು ಇರಲಿಲ್ಲ.